ಸಿಲಿಕಾನ್‌ಗೆ ಬಣ್ಣ ಗೊತ್ತಿಲ್ಲ

ಪ್ರಶ್ನೆ: ಹಳೆಯ ಡಿಜಿಟಲ್ ಕ್ಯಾಮೆರಾಗಳ ಸಿಸಿಡಿ ಸೆನ್ಸರ್‌ನಲ್ಲಿ ಬಣ್ಣ ಫಿಲ್ಮಿನಂತೆ ಬರುತ್ತದೆಂದು ಕೇಳಿದ್ದೇನೆ. ನನ್ನ ನಿಕಾನ್ ಡಿ7000 ಮಾರಿ ಡಿ200 ಕೊಳ್ಳಲೇ?

ಉತ್ತರ: ಬೇಡ. ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದಿದ್ದೇನೋ ಲೆಕ್ಕವಿಟ್ಟಿಲ್ಲ. ಇನ್ನು ಕೇಳುವವರಿಗೆ ಇದನ್ನೇ ಕಳಿಸುತ್ತೇನೆ. ಸೆನ್ಸರ್ ಎಂದರೆ ಬೆಳಕು ಹಿಡಿಯುವ ಚಿಪ್ಪು; ಅದು ಹಳೆಯ ಬಗೆಯ ಸಿಸಿಡಿಯಾಗಲಿ ಈಗಿನ ಬಗೆಯ ಸಿಮಾಸ್ ಆಗಲಿ, ಸಿಲಿಕಾನ್ ಮಾಡುವುದು ಬಿದ್ದ ಬೆಳಕನ್ನು ವಿದ್ಯುದಂಶವಾಗಿ ಕೂಡಿಡುವ ಕೆಲಸವನ್ನಷ್ಟೇ. ಬಣ್ಣ ಹುಟ್ಟುವುದು ಅದರ ಮೇಲೆ ಹಾಸಿದ ಕೆಂಪು, ಹಸಿರು, ನೀಲಿ ಫಿಲ್ಟರುಗಳಲ್ಲಿ ಮತ್ತು ಆಮೇಲೆ ಕಂಪನಿಯವರು ಹಾಕುವ ಲೆಕ್ಕದಲ್ಲಿ. 2005ರ ಡಿ200ರಲ್ಲಿ ಸಿಸಿಡಿ ಇತ್ತು. 2007ರ ಡಿ300ಕ್ಕೆ ಸಿಮಾಸ್ ಬಂತು, ಆದರೆ ಅದರೊಂದಿಗೇ ಪಿಕ್ಚರ್ ಕಂಟ್ರೋಲ್ ಎಂಬ ಹೊಸ ಬಣ್ಣದ ಲೆಕ್ಕವೂ ಬಂತು. ಬಣ್ಣ ಬದಲಾದದ್ದನ್ನು ಕಂಡವರು ಲೆಕ್ಕವನ್ನು ಬಿಟ್ಟು ಸೆನ್ಸರ್‌ನ ಬೆನ್ನು ಹತ್ತಿದರು.

ನಿಜವಾದ ವ್ಯತ್ಯಾಸವಿರುವುದು ಸೆನ್ಸರನ್ನು ಓದುವ ಬಗೆಯಲ್ಲಿ. ಸಾಲಾಗಿ ನಿಂತವರು ಕೈಯಿಂದ ಕೈಗೆ ಕೊಡ ದಾಟಿಸುವಂತೆ, ಸಿಸಿಡಿಯಲ್ಲಿ ಪ್ರತಿ ಪಿಕ್ಸೆಲ್ಲಿನ ವಿದ್ಯುದಂಶವೂ ಅಂಚಿನಲ್ಲಿರುವ, ಸಂಕೇತವನ್ನು ಹಿಗ್ಗಿಸುವ ಬೆರಳೆಣಿಕೆಯ ಆಂಪ್ಲಿಫೈಯರ್‌ಗಳವರೆಗೆ ಸಾಗಬೇಕು. ಅವು ಅವಸರದಲ್ಲಿ ಓದಬೇಕಾದ್ದರಿಂದ ನಾಯ್ಸ್, ಅಂದರೆ ಚಿತ್ರವನ್ನು ಕೆಡಿಸುವ ಕಲಬೆರಕೆ ಸಂಕೇತ, ಹೆಚ್ಚು. ಸಿಮಾಸ್‌ನಲ್ಲಿ ಪಿಕ್ಸೆಲ್ಲಿನ ಒಳಗೇ ಆಂಪ್ಲಿಫೈಯರ್ ಇರುತ್ತದೆ. 2010ರ ನಿಮ್ಮ ಡಿ7000ದಂಥ ಸೆನ್ಸರುಗಳಲ್ಲಿ ಪಿಕ್ಸೆಲ್ಲುಗಳ ಒಂದೊಂದು ಲಂಬಸಾಲಿಗೂ ಅಂಕಿಗೆ ಪರಿವರ್ತಿಸುವ ಪ್ರತ್ಯೇಕ ಸರ್ಕ್ಯೂಟ್ ಇರುವುದರಿಂದ ಅವಸರವಿಲ್ಲ.

ಇದರ ಫಲ ನೆರಳಿನಲ್ಲಿ ಕಾಣುತ್ತದೆ. ಒಂದು ತೊಟ್ಟಿ ಮನೆಯಲ್ಲಿ, ಅಂಗಳದ ಬಿಸಿಲು ಬೆಳ್ಳಗೆ ಸುಟ್ಟುಹೋಗದಂತೆ ಎಕ್ಸ್‌ಪೋಶರ್ ಇಳಿಸಿ, ನನ್ನ ಹಳೆಯ ಸಿಸಿಡಿ ಕ್ಯಾಮೆರಾದಲ್ಲಿಯೂ ಹೊಸ ಸಿಮಾಸ್ ಕ್ಯಾಮೆರಾದಲ್ಲಿಯೂ ಪಡಸಾಲೆಯ ಚಿತ್ರ ತೆಗೆದೆ. ಕಂಪನಿಯ ಬಣ್ಣದ ಲೆಕ್ಕ ಇನ್ನೂ ಹಾಕಿರದ ರಾ ಫೈಲಿನಲ್ಲಿ ನೆರಳನ್ನು ನಾಲ್ಕು ಸ್ಟಾಪ್ (ಅಂದರೆ ಹದಿನಾರು ಪಟ್ಟು) ಎತ್ತಿದಾಗ ಹಳೆಯದರಲ್ಲಿ ಮರದ ಕಂಬದ ಮೇಲೆಲ್ಲ ನೇರಳೆ ಮಚ್ಚೆಗಳು, ಗೆರೆಗಳು. ಹೊಸದರಲ್ಲಿ ಗೋಡೆಗೆ ತೂಗುಹಾಕಿದ್ದ ಮೊರದ ಹೆಣಿಗೆಯನ್ನೂ ಎಣಿಸಬಹುದಿತ್ತು. ಬಣ್ಣದ ಮಾತಿಗೆ ಬಂದರೆ, ಕಲರ್ ಚಾರ್ಟ್ ಇಟ್ಟು ಎರಡಕ್ಕೂ ಬಣ್ಣ ಸರಿಹೊಂದಿಸುವ ಪ್ರೊಫೈಲ್ ಮಾಡಿಕೊಂಡು ಅಂಗಳದ ಚಿತ್ರಗಳನ್ನು ಪಕ್ಕಪಕ್ಕದಲ್ಲಿಟ್ಟಾಗ, ಯಾವುದು ಯಾವ ಕ್ಯಾಮೆರಾದ್ದೆಂದು ತೆಗೆದ ನನಗೇ ತಿಳಿಯಲಿಲ್ಲ.

ಹಳೆಯ ಕ್ಯಾಮೆರಾ ತಾನೇ ಲೆಕ್ಕ ಹಾಕಿ ಕೊಡುವ ಜೆಪೆಗ್ ಚಿತ್ರ ನಿಮಗೆ ಹಿಡಿಸಿದರೆ ಅದು ನಿಮ್ಮ ಇಷ್ಟ. ಒಳ್ಳೆಯ ಬೆಳಕಿನಲ್ಲಿ, ಐಎಸ್ಒ 100ರಲ್ಲಿ, ಅದಕ್ಕೇನೂ ಕೊರತೆಯಿಲ್ಲ. ಆದರೆ ‘ಸಿಸಿಡಿ ಮ್ಯಾಜಿಕ್’ ಎಂದು ಚೀಟಿ ಅಂಟಿಸಿ ಮೂಲೆಗೆ ಬಿದ್ದಿದ್ದ ಕ್ಯಾಮೆರಾಗಳಿಗೆ ಬೆಲೆ ಏರಿಸುವವರು ಮಾರುತ್ತಿರುವುದು ಬರೀ ಹೆಸರನ್ನು. ಸೆನ್ಸರ್ ಕೆಟ್ಟರೆ ಬಿಡಿಭಾಗ ಯಾರು ಕೊಡುತ್ತಾರೆಂದು ಅವರನ್ನೇ ಕೇಳಿ ನೋಡಿ.

ಪ್ರಶ್ನೆ: ಫೋನಿನಲ್ಲಿ 200 ಮೆಗಾಪಿಕ್ಸೆಲ್ ಇರುವಾಗ 12 ಮೆಗಾಪಿಕ್ಸೆಲ್ಲಿನ ಡಿಎಸ್‌ಎಲ್‌ಆರ್ ಏಕೆ?

ಉತ್ತರ: ಆ ಫೋನು ಸಾಮಾನ್ಯವಾಗಿ ಹದಿನಾರು ಪಿಕ್ಸೆಲ್‌ಗಳನ್ನು ಒಂದಾಗಿ ಕೂಡಿಸಿ ನಿಮಗೆ ಕೊಡುವುದು 12.5 ಮೆಗಾಪಿಕ್ಸೆಲ್ಲನ್ನೇ.

ಪ್ರಶ್ನೆ: ಸೆನ್ಸರ್ ಮೇಲಿನ ಧೂಳನ್ನು ಹತ್ತಿ, ಸ್ಪಿರಿಟ್ಟಿನಿಂದ ಒರೆಸಬಹುದೆಂದು ಅಂಗಡಿಯವರು ಹೇಳಿದರು.

ಉತ್ತರ: ಮೊದಲು ಅವರ ಕ್ಯಾಮೆರಾವನ್ನು ಒರೆಸಿ ತೋರಿಸಲಿ.