ಮಧ್ಯಾಹ್ನದ ನಿದ್ದೆ ತಪ್ಪಿಸಬೇಡಿ ಮೇಡಂ

ಮೇಡಂ, ಭಾನುವಾರ ಮಧ್ಯಾಹ್ನ ಒಂದೂವರೆಗೆ ಫ್ಯಾಮಿಲಿ ಫೋಟೋ, ಮಗನಿಗೆ ಒಂದು ವರ್ಷ ಹತ್ತು ತಿಂಗಳು, ಅವತ್ತೊಂದು ದಿನ ನಿದ್ದೆ ಮಾಡಿಸದೆ ಕರೆದುಕೊಂಡು ಹೋಗುತ್ತೇವೆ, ವಾಪಸ್ ಬರುವಾಗ ಕಾರಲ್ಲಿ ಮಲಗುತ್ತಾನೆ ಅಂತ ಬರೆದಿದ್ದೀರಿ. ಒಂದು ವಾರದಿಂದ ‘ಸ್ಮೈಲ್ ಮಾಡು’ ಅಂತ ಅಭ್ಯಾಸ ಬೇರೆ ಮಾಡಿಸುತ್ತಿದ್ದೀರಂತೆ. ಓದಿ ಎದೆ ಧಸಕ್ಕೆಂದಿತು. ಈ ಎರಡೂ ತಪ್ಪನ್ನು ನಾನು ಮಾಡಿ ಮುಗಿಸಿದ್ದೇನೆ. ನೀವು ಕೇಳಿದ್ದು ಬಟ್ಟೆಯ ಬಣ್ಣದ ಬಗ್ಗೆ, ಅದಕ್ಕೆ ಆಮೇಲೆ ಬರುತ್ತೇನೆ. ಉದ್ದವಾಯಿತು ಅಂತ ಬಿಡಬೇಡಿ, ಪೂರ್ತಿ ಓದಿ.

ನಾವು ಫ್ಯಾಮಿಲಿ ಫೋಟೋ ತೆಗೆಸಿದಾಗ ಮಗಳಿಗೆ ಸರಿಯಾಗಿ ಎರಡು ವರ್ಷ. ಅವತ್ತು ನಿದ್ದೆ ಇಲ್ಲ, ಕಾಲಿಗೆ ಹೊಚ್ಚ ಹೊಸ ಶೂ. ಮೊದಲ ಹತ್ತು ನಿಮಿಷ ಕುಣಿದಾಡಿದಳು. ನೋಡಿ, ನಿದ್ದೆ ಇಲ್ಲದಿದ್ದರೂ ಎಷ್ಟು ಚುರುಕಾಗಿದ್ದಾಳೆ ಅಂದುಕೊಂಡೆವು. ಅದು ಚುರುಕಲ್ಲ. ಈ ವಯಸ್ಸಿನ ಮಕ್ಕಳು ದಣಿವು ಮೀರಿದಾಗ ತೂಕಡಿಸುವುದಿಲ್ಲ, ಇನ್ನಷ್ಟು ಜೋರಾಗುತ್ತಾರೆ, ಆಮೇಲೆ ಒಂದೇ ಸಲಕ್ಕೆ ಕುಸಿಯುತ್ತಾರೆ. ಶೂ ಪಟ್ಟಿ ಒತ್ತಿದ್ದೇ ನೆಪವಾಯಿತು, ನೆಲಕ್ಕೆ ಬಿದ್ದು ಅಳಲು ಶುರು ಮಾಡಿದಳು. ನಮ್ಮವರು ‘ನಗು ನಗು’ ಅನ್ನುತ್ತಿದ್ದಾರೆ, ಅತ್ತೆ ಹಿಂದಿನಿಂದ ಗಿಲಕಿ ಅಲ್ಲಾಡಿಸುತ್ತಿದ್ದಾರೆ, ಫೋಟೋಗ್ರಾಫರ್ ಚಪ್ಪಾಳೆ ತಟ್ಟುತ್ತಿದ್ದಾರೆ, ನಾನು ಅವಳ ಗಲ್ಲ ಹಿಡಿದು ಕ್ಯಾಮೆರಾ ಕಡೆ ತಿರುಗಿಸುತ್ತಿದ್ದೇನೆ. ಮಗು ಯಾವ ಕಡೆ ನೋಡಬೇಕು ಹೇಳಿ? ಒಂದೂವರೆ ಗಂಟೆ ಇದೇ ನಡೆಯಿತು.

ಫೋಟೋಗಳು ಕೈಗೆ ಬಂದಾಗ ನನಗೆ ನಿಜವಾಗಿ ಸಂಕಟವಾಗಿದ್ದು ಅಳುವ ಫೋಟೋ ನೋಡಿ ಅಲ್ಲ. ಮೊದಲ ಹತ್ತು ನಿಮಿಷದ ಆರೇಳು ಫೋಟೋಗಳಲ್ಲಿ ಮಗಳು ನೇರವಾಗಿ ಲೆನ್ಸ್ ನೋಡಿ ನಕ್ಕಿದ್ದಾಳೆ. ಆ ಪ್ರತಿಯೊಂದರಲ್ಲೂ ನಾವು ದೊಡ್ಡವರು ಅವಳ ಕಡೆ ಬಗ್ಗಿ, ಬಾಯಿ ತೆರೆದು, ‘ಅಲ್ಲಿ ನೋಡು, ಅಲ್ಲಿ ನೋಡು’ ಅನ್ನುತ್ತಿದ್ದೇವೆ. ಮಗು ತನ್ನ ಪಾಲಿನ ಕೆಲಸ ಮಾಡಿತ್ತು, ನಾವು ಮಾಡಿರಲಿಲ್ಲ.

ಹಾಗಾಗಿ ಅಭ್ಯಾಸ ಬೇಕಿರುವುದು ನಿಮಗೆ ಮತ್ತು ನಿಮ್ಮ ಯಜಮಾನರಿಗೆ. ಎರಡನೆಯ ಮಗುವಿನ ಹೊತ್ತಿಗೆ ನಾನು ಒಂದು ಆಟ ಮಾಡಿಕೊಂಡೆ, ಮನೆಯಲ್ಲಿ ಅದಕ್ಕೆ ‘ಗೂಡು’ ಅನ್ನುತ್ತಿದ್ದೆವು. ಮೊಬೈಲನ್ನು ಕಪಾಟಿನ ಹಲಗೆಯ ಮೇಲೆ, ನೆಲದಲ್ಲಿ ಕೂತವರ ಕಣ್ಣಿನ ಎತ್ತರಕ್ಕೆ ನಿಲ್ಲಿಸಿ ಟೈಮರ್ ಹಾಕಿ. ಅಪ್ಪ ಅಮ್ಮ ಇಬ್ಬರೂ ಮೊಣಕಾಲಿಗೆ ಮೊಣಕಾಲು ತಾಗಿಸಿ ಕುಳಿತು ‘ಗೂಡು!’ ಅನ್ನಿ. ಮಗು ಓಡಿ ಬಂದು ನಡುವೆ ಬೀಳುತ್ತದೆ. ಬಿದ್ದ ತಕ್ಷಣ ಇಬ್ಬರೂ ಮೊಬೈಲ್ ನೋಡಿ, ಮುಖದಲ್ಲಿ ನಗು ಇಟ್ಟುಕೊಂಡು, ಜೋರಾಗಿ ಐದರವರೆಗೆ ಎಣಿಸಿ. ಮಗು ಎಲ್ಲಿ ನೋಡುತ್ತಿದೆ ಅಂತ ನೋಡಲೇಬಾರದು. ಕೂದಲು ಸರಿ ಮಾಡಬಾರದು. ಐದು ಆದ ಕೂಡಲೇ ‘ಹಾರಿಹೋಯ್ತು’ ಅಂತ ಬಿಟ್ಟುಬಿಡಿ. ದಿನಕ್ಕೆ ಎರಡು ಸಲ, ಒಂದೊಂದು ನಿಮಿಷ, ನಾಲ್ಕು ದಿನ ಸಾಕು. ಮಗುವಿಗೆ ಇದು ಆಟ, ಎಣಿಕೆ ಮುಗಿದರೆ ಬಿಡುಗಡೆ ಅಂತ ಗೊತ್ತಿರುವುದರಿಂದ ಕೊಸರಾಡುವುದಿಲ್ಲ. ನಿಮಗೆ ಬರುವ ಲಾಭ ಏನೆಂದರೆ ಕುತ್ತಿಗೆ ತಿರುಗಿಸದೆ ಕೂರುವುದು ರೂಢಿಯಾಗುತ್ತದೆ. ನಂಬಿ, ಇದು ಕಷ್ಟ, ಮೊದಲ ದಿನ ಇಬ್ಬರೂ ಸೋಲುತ್ತೀರಿ. ಫೋಟೋ ದಿನ ‘ಗೂಡು!’ ಅಂದರೆ ಮಗು ತಾನೇ ಓಡಿ ಬರುತ್ತದೆ.

ಇದರಲ್ಲೂ ಎಚ್ಚರ ಬೇಕು. ಮಗು ಸಾಕು ಅಂದಮೇಲೆ ಇನ್ನೊಂದು ಸಲ ಮಾಡಿಸಬೇಡಿ, ಆಟ ಕೆಟ್ಟುಹೋಗುತ್ತದೆ. ಅಪ್ಪಿ ಹಿಡಿದರೆ ಇಷ್ಟಪಡದ ಮಗುವಾದರೆ ನಿಂತುಕೊಂಡೇ ಕಾಲುಗಳ ನಡುವೆ ಬರುವ ಹಾಗೆ ಮಾಡಿ. ಅಜ್ಜ ಅಜ್ಜಿ ಇದ್ದರೆ ಅವರಿಗೆ ಗಿಡ್ಡ ಸ್ಟೂಲು, ಜೊತೆಗೆ ಗಿಲಕಿ ಮನೆಯಲ್ಲೇ ಇರಲಿ. ಮಗುವನ್ನು ಕರೆಯುವುದು ಒಬ್ಬರೇ, ಅದೂ ಲೆನ್ಸಿನ ಪಕ್ಕದಲ್ಲೇ ನಿಂತು. ಸಾಮಾನ್ಯವಾಗಿ ಅದು ಫೋಟೋಗ್ರಾಫರ್ ಕೆಲಸ, ಉಳಿದವರೆಲ್ಲ ಬಾಯಿ ಮುಚ್ಚಿಕೊಂಡಿರಬೇಕು.

‘ಸ್ಮೈಲ್’ ಅಭ್ಯಾಸ ಇವತ್ತೇ ನಿಲ್ಲಿಸಿ. ಅದರಿಂದ ಮಗು ಕಲಿಯುವುದು ಹಲ್ಲು ಕಿರಿಯುವುದನ್ನು. 1862ರಲ್ಲೇ ಫ್ರೆಂಚ್ ವೈದ್ಯ ಡ್ಯುಶೆನ್ ಬರೆದಿಟ್ಟಿದ್ದಾರೆ: ಬಾಯಿಯ ಸ್ನಾಯುವನ್ನು ಬೇಕೆಂದಾಗ ಎಳೆಯಬಹುದು, ಕಣ್ಣಿನ ಸುತ್ತಲಿನ ಸ್ನಾಯು ನಿಜವಾದ ಖುಷಿಗೆ ಮಾತ್ರ ಓಗೊಡುತ್ತದೆ. ನನ್ನ ಮಗಳ ಆ ಫೋಟೋಗಳಲ್ಲಿ ಕಲಿಸಿದ ನಗು ಯಾವುದು, ತಾನಾಗಿ ಬಂದದ್ದು ಯಾವುದು ಅಂತ ಕಣ್ಣು ನೋಡಿಯೇ ಹೇಳಬಹುದು. ನಗು ಕೇಳುವ ಬದಲು ಮಗುವಿಗೆ ಒಂದು ಕೆಲಸ ಕೊಡಿ. ಅಪ್ಪನ ತಲೆ ಮೇಲೆ ಎಲೆ ಇಡು. ಅಮ್ಮನ ಕಿವಿಯಲ್ಲಿ ಗುಟ್ಟು ಹೇಳು. ಫೋಟೋಗ್ರಾಫರ್ ಕ್ಯಾಮೆರಾ ಮೇಲೆ ಒಂದು ಸಣ್ಣ ಗೊಂಬೆ ಇಟ್ಟು ‘ಆ... ಆ... ಅಕ್ಷೀ’ ಅಂತ ಬೀಳಿಸಿದರೆ ಎರಡು ವರ್ಷದೊಳಗಿನವರು ನಗದೇ ಇರುವುದು ಅಪರೂಪ. ‘ಈಗ ಯಾರೂ ನಗಬಾರದು’ ಅನ್ನುವ ಉಪಾಯ ಮೂರು ವರ್ಷ ದಾಟಿದವರಿಗೆ. ನಿಮ್ಮ ಮಗನಿಗೆ ಹೇಳಿದರೆ ಅವನು ನಿಜವಾಗಿಯೂ ಗಂಭೀರನಾಗಬಹುದು.

ಈಗ ಸಮಯ. ಒಂದರಿಂದ ಎರಡು ವರ್ಷದವರಿಗೆ ಹಗಲಿನ ನಿದ್ದೆಯೂ ಸೇರಿ ದಿನಕ್ಕೆ 11ರಿಂದ 14 ಗಂಟೆ ನಿದ್ದೆ ಬೇಕು, ಮೂರರಿಂದ ಐದರವರಿಗೆ 10ರಿಂದ 13. ಒಂದೇ ಹಗಲು ನಿದ್ದೆ ಮಾಡುವ ಮಗುವಿಗೆ ಆ ಒಂದನ್ನೂ ತಪ್ಪಿಸಿದರೆ ಉಳಿಯುವುದೇನು? ಮಗು ನಿದ್ದೆಯಿಂದ ಎದ್ದ ಮೇಲೆ ಏನಾದರೂ ತಿನ್ನಿಸಿ, ಮಂಕು ಬಿಡಲು ಮುಕ್ಕಾಲು ಗಂಟೆ ಕೊಟ್ಟು, ಅಲ್ಲಿಂದ ಶುರು ಮಾಡಿ. ಸೂರ್ಯ ಮುಳುಗುವ ಹಿಂದಿನ ಒಂದು ಗಂಟೆಯ ಬೆಳಕು ಚಂದ ಅಂತ ಫೋಟೋಗ್ರಾಫರ್‌ಗಳು ಅದನ್ನೇ ಕೇಳುತ್ತಾರೆ. ಬೆಳಕು ಚಂದವೇ, ಆದರೆ ಹಸಿವು, ದಣಿವು, ಹಟ ಮೂರೂ ಸೇರುವ ಹೊತ್ತು ಅದು. ಸೂರ್ಯ ಹುಟ್ಟಿದ ಮೇಲಿನ ಒಂದು ಗಂಟೆಯೂ ಅಂಥದ್ದೇ ಓರೆ ಬೆಳಕು, ಚಿಕ್ಕ ಮಕ್ಕಳು ಹೇಗೂ ಬೇಗ ಎದ್ದಿರುತ್ತಾರೆ. ಮೋಡ ಇದ್ದರೆ ಇನ್ನೂ ಒಳ್ಳೆಯದು, ಕಣ್ಣು ಕಿರಿದಾಗುವುದಿಲ್ಲ. ಒಳಗಡೆಯಾದರೆ ಕಿಟಕಿ ಪಕ್ಕಕ್ಕೆ ಕೂತು ಮನೆಯ ದೀಪಗಳನ್ನು ಆರಿಸಿ, ಎರಡು ಬಣ್ಣದ ಬೆಳಕು ಬೆರೆತರೆ ಮುಖ ಅರ್ಧ ಹಳದಿ, ಅರ್ಧ ನೀಲಿ. ಒಟ್ಟು ಅರ್ಧ ಗಂಟೆ ಸಾಕು. ಎಲ್ಲರೂ ಇರುವ ಗ್ರೂಪ್ ಫೋಟೋ ಮೊದಲು, ನೀವಿಬ್ಬರೇ ಇರುವುದು ಕೊನೆಗೆ. ಲಸಿಕೆ ಹಾಕಿಸಿದ ಮರುದಿನಕ್ಕಂತೂ ಇಟ್ಟುಕೊಳ್ಳಬೇಡಿ, ಜ್ವರ ಬಂದು ಕಿರಿಕಿರಿ ಮಾಡುವ ಸಾಧ್ಯತೆ ಇರುತ್ತದೆ. ಹುಷಾರಿಲ್ಲದಿದ್ದರೆ ದಿನ ಬದಲಿಸಿ ಕೊಡುತ್ತಾರಾ ಅಂತ ಅಡ್ವಾನ್ಸ್ ಕೊಡುವ ಮೊದಲೇ ಕೇಳಿ.

ಬಟ್ಟೆ. ಕಡುಕೆಂಪು, ಫ್ಲೋರೊಸೆಂಟ್ ಬಣ್ಣ ಬೇಡ, ಗಲ್ಲದ ಕೆಳಗೆ ಆ ಬಣ್ಣ ಪ್ರತಿಫಲಿಸುತ್ತದೆ. ತೀರಾ ಸಣ್ಣ ಗೆರೆ, ಸಣ್ಣ ಚೌಕಳಿ ಬೇಡ, ಫೋಟೋದಲ್ಲಿ ಅಲೆ ಅಲೆಯಾಗಿ ಕಾಣುತ್ತದೆ. ಎಲ್ಲರೂ ಒಂದೇ ಬಣ್ಣ ಹಾಕಬೇಕಿಲ್ಲ, ಹೊಂದಿಕೊಳ್ಳುವ ಎರಡು ಮೂರು ಬಣ್ಣ ಸಾಕು. ಇದಕ್ಕಿಂತ ಮುಖ್ಯವಾದದ್ದು: ಹೊಸ ಬಟ್ಟೆಯನ್ನು ಒಗೆದು, ಲೇಬಲ್ ಕತ್ತರಿಸಿ, ಒಮ್ಮೆ ಮನೆಯಲ್ಲಿ ಒಂದು ಗಂಟೆ ಹಾಕಿಸಿ ಆಡಲು ಬಿಡಿ. ಶೂ ಕೂಡ. ಒತ್ತಿದರೆ ಬರಿಗಾಲೇ ಇರಲಿ, ಮಕ್ಕಳ ಬರಿಗಾಲು ಫೋಟೋದಲ್ಲಿ ತುಂಬ ಚಂದ. ಕೂದಲು ಕತ್ತರಿಸುವುದಿದ್ದರೆ ಒಂದು ವಾರ ಮುಂಚೆ. ಫೋಟೋ ಶುರುವಾಗುವ ಐದು ನಿಮಿಷ ಮುಂಚೆ ಡೈಪರ್ ಬದಲಿಸಿ, ಉಬ್ಬಿದ ಡೈಪರ್ ಎಲ್ಲ ಫೋಟೋದಲ್ಲೂ ಕಾಣುತ್ತದೆ.

ಚಾಕೊಲೇಟ್ ಆಸೆ ತೋರಿಸಬೇಡಿ. ಬಾಯಿ ಕಪ್ಪಾಗುತ್ತದೆ, ಆಮೇಲೆ ಕಣ್ಣು ಬ್ಯಾಗಿನ ಮೇಲೇ ಇರುತ್ತದೆ. ಕಲೆ ಮಾಡದ, ಮೆತ್ತಗಿನ ಸಣ್ಣ ತುಣುಕು ಏನಾದರೂ ಇಟ್ಟುಕೊಳ್ಳಿ, ಕೂರಿಸಿಯೇ ತಿನ್ನಿಸಿ. ಇಡೀ ಬೀಜಗಳು, ಇಡೀ ದ್ರಾಕ್ಷಿ, ಗಟ್ಟಿ ಪೆಪ್ಪರ್‌ಮಿಂಟ್ ಈ ವಯಸ್ಸಿಗೆ ಯಾವತ್ತೂ ಬೇಡ, ನಗುತ್ತಾ ಓಡುವಾಗ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಮೊಬೈಲಿನಲ್ಲಿ ವಿಡಿಯೋ ಹಾಕಿ ಕ್ಯಾಮೆರಾ ಪಕ್ಕ ಹಿಡಿಯುವವರಿದ್ದಾರೆ, ದಯವಿಟ್ಟು ಮಾಡಬೇಡಿ. ಮುಖದಲ್ಲಿ ಜೀವ ಇರುವುದಿಲ್ಲ, ಕಿತ್ತುಕೊಂಡ ಕ್ಷಣ ಅಳು. ‘ನಗದಿದ್ದರೆ ಅಂಕಲ್ ಬೈತಾರೆ’ ಅಂತ ಹೇಳುವುದು ಎಲ್ಲಕ್ಕಿಂತ ಕೆಟ್ಟದ್ದು. ಮೊದಲೇ ಹೊಸ ಮನುಷ್ಯ, ಮುಖ ಮರೆಸುವ ಕಪ್ಪು ಡಬ್ಬಿ ಬೇರೆ, ಅವರ ಮೇಲೆ ಇನ್ನಷ್ಟು ಹೆದರಿಕೆ ಹುಟ್ಟಿಸಿದರೆ ಮಗು ಹತ್ತಿರ ಹೋಗುತ್ತದೆಯೇ? ಫೋಟೋಗ್ರಾಫರ್‌ಗೆ ಮೊದಲೇ ಹೇಳಿ, ಬಂದ ಮೇಲೆ ಐದು ಹತ್ತು ನಿಮಿಷ ಕ್ಯಾಮೆರಾ ಹೊರಗೆ ತೆಗೆಯದೆ ನೆಲದ ಮೇಲೆ ಕೂತು ಆಡಲಿ ಅಂತ. ಮಗ ನಿಮ್ಮನ್ನು ಬಿಟ್ಟು ಕೂರದಿದ್ದರೆ ಮಡಿಲಲ್ಲೇ ಇರಲಿ. 19ನೇ ಶತಮಾನದಲ್ಲಿ ಒಂದು ಫೋಟೋಗೆ ಸೆಕೆಂಡುಗಟ್ಟಲೆ ಅಲುಗಾಡದೆ ಇರಬೇಕಿದ್ದಾಗ ಅಮ್ಮನಿಗೆ ಬಟ್ಟೆ ಹೊದಿಸಿ ಕುರ್ಚಿಯ ಹಾಗೆ ಕೂರಿಸಿ, ಮಗುವನ್ನು ಅವಳ ಮಡಿಲಲ್ಲೇ ಇಟ್ಟು ತೆಗೆಯುತ್ತಿದ್ದರು. ಮಗುವಿಗೆ ಮಡಿಲು ಬೇಕು ಅನ್ನುವುದು ಅವತ್ತೂ ಗೊತ್ತಿತ್ತು. ನೀವು ಅಡಗಿಕೊಳ್ಳಬೇಕಿಲ್ಲ, ಅಷ್ಟೇ.

ಮೇಲಿನ ಕಾಮೆಂಟಿನಲ್ಲಿ ಒಬ್ಬರು ಇಂಥ ಕಂಪನಿಯ ಕ್ಯಾಮೆರಾ ಇರುವವರನ್ನೇ ಹುಡುಕಿ ಅಂದಿದ್ದಾರೆ. ಒಪ್ಪುವುದಿಲ್ಲ. ಸೋನಿ, ಕ್ಯಾನನ್, ನಿಕಾನ್ ಮೂವರ ಈಗಿನ ಮಿರರ್‌ಲೆಸ್ ಕ್ಯಾಮೆರಾಗಳಲ್ಲೂ ಎದುರಿಗಿರುವವರ ಕಣ್ಣನ್ನು ತಾನೇ ಗುರುತಿಸಿ ಫೋಕಸ್ ಮಾಡುವ ಆಟೋಫೋಕಸ್ ಇದೆ. ಕೇಳಬೇಕಾದ್ದು ಚಿಕ್ಕ ಮಕ್ಕಳ ಫೋಟೋ ಎಷ್ಟು ತೆಗೆದಿದ್ದಾರೆ, ಪೂರ್ತಿ ಒಂದು ಸೆಷನ್ ತೋರಿಸುತ್ತಾರಾ ಅಂತ. ದೂರದ್ದನ್ನು ಹತ್ತಿರ ತೋರಿಸುವ 85 ಎಂಎಂ ಅಥವಾ 70-200 ಎಂಎಂ ಲೆನ್ಸ್ ಇದ್ದರೆ ದೂರ ನಿಂತೇ ತೆಗೆಯಬಹುದು, ಅಂಜುವ ಮಗುವಿಗೆ ಅದು ದೊಡ್ಡ ಉಪಕಾರ. ನೀವೇ ತೆಗೆಯುವುದಾದರೆ ಶಟರ್ ವೇಗ ಸೆಕೆಂಡಿನ 1/500, ಎಲ್ಲರೂ ಫೋಕಸ್‌ನಲ್ಲಿ ಇರಲು ಅಪರ್ಚರ್ (ಲೆನ್ಸಿನ ಬಾಯಿ ತೆರೆಯುವ ಅಳತೆ) ಎಫ್/4ರಿಂದ 5.6. ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಏರಿದರೆ ಏರಲಿ. ಅದರಿಂದ ಬರುವ ಮರಳು ಮರಳು ಚುಕ್ಕೆ, ಅಂದರೆ ಗ್ರೇನ್, ಸಹಿಸಬಹುದು, ಅಲುಗಾಡಿದ ಮುಖ ಸರಿಯಾಗುವುದಿಲ್ಲ. ಮೊಬೈಲಾದರೆ ಹಿನ್ನೆಲೆ ಮಸುಕು ಮಾಡುವ ಪೋರ್ಟ್ರೇಟ್ ಮೋಡ್ ಆಫ್ ಮಾಡಿ, ಒಂದರ ಹಿಂದೊಂದು ಫೋಟೋ ತೆಗೆಯುವ ಬರ್ಸ್ಟ್ ಹಾಕಿ. ಐಫೋನ್‌ನಲ್ಲಿ ಲೈವ್ ಫೋಟೋ ಆನ್ ಇದ್ದರೆ ಕಣ್ಣು ತೆರೆದ ಕ್ಷಣವನ್ನು ಆಮೇಲೆ ಆರಿಸಿಕೊಳ್ಳಬಹುದು.

ಸದ್ಯಕ್ಕೆ ಇವತ್ತೇ ಫೋಟೋಗ್ರಾಫರ್‌ಗೆ ಫೋನ್ ಮಾಡಿ ಬೆಳಿಗ್ಗೆಯ ಸಮಯ ಕೇಳಿ. ಇಲ್ಲ ಅಂದರೆ ಮಗ ಮಲಗಿ ಎದ್ದ ಮೇಲಿನ ಹೊತ್ತು ಕೇಳಿ. ಅದೂ ಆಗದಿದ್ದರೆ ಭಾನುವಾರವನ್ನೇ ಬಿಟ್ಟು ಬೇರೆ ದಿನ ತೆಗೆದುಕೊಳ್ಳಿ. ಒಂದೂವರೆ ಮಾತ್ರ ಬೇಡ. ಸಂಜೆ ‘ಗೂಡು’ ಆಡಿ ನೋಡಿ, ನಿಮ್ಮಿಬ್ಬರಲ್ಲಿ ಯಾರ ಕುತ್ತಿಗೆ ಮೊದಲು ತಿರುಗಿತು ಅಂತ ಇಲ್ಲೇ ಬರೆಯಿರಿ.