ಉಳ್ಳಾಲದ ಕಪ್ಪು ಮರಳು ಮತ್ತು ಥೋರಿಯಂ

ಮಗ ಉಳ್ಳಾಲದ ಕಡಲತೀರದಿಂದ ಬಾಟಲಿಯಲ್ಲಿ ತುಂಬಿ ತಂದ ಕಪ್ಪು ಮರಳು ವಿಕಿರಣ ಸೂಸುವ ಥೋರಿಯಂ ಇರಬಹುದೇ, ಮನೆಯಲ್ಲಿಟ್ಟರೆ ಅಪಾಯವೇ ಎಂದು ಕೇಳಿದ್ದೀರಿ. ಗಾಬರಿ ಬೇಡ. ಆ ಕಪ್ಪು ಹೆಚ್ಚಾಗಿ ಇಲ್ಮನೈಟ್‌ನಂಥ ಕಬ್ಬಿಣಾಂಶವಿರುವ ಖನಿಜಗಳದು. ಥೋರಿಯಂ ಇರುವುದು ಮೊನಜೈಟ್ ಎಂಬ ಹಳದಿ ಮಿಶ್ರಿತ ಕಂದು ಕಣಗಳಲ್ಲಿ. ಉಳ್ಳಾಲದ ಮರಳಿನಲ್ಲಿ ಅದೂ ಅಲ್ಲಲ್ಲಿ ಇರುವುದು ನಿಜ.

ಶುದ್ಧ ಥೋರಿಯಂ ಬೆಳ್ಳಿಯಂತೆ ಹೊಳೆಯುವ, ಸೀಸಕ್ಕಿಂತಲೂ ತುಸು ಹೆಚ್ಚು ಸಾಂದ್ರವಾದ ಲೋಹ. ಗಾಳಿ ತಾಗಿದರೆ ನಿಧಾನವಾಗಿ ಕಪ್ಪಾಗುತ್ತದೆ. ಅದರ ಅರ್ಧಾಯುಷ್ಯ, ಅಂದರೆ ಇದ್ದುದರಲ್ಲಿ ಅರ್ಧದಷ್ಟು ಕ್ಷಯಿಸಿ ಬೇರೆ ಧಾತುವಾಗಲು ಬೇಕಾದ ಕಾಲ, ಸುಮಾರು 1,400 ಕೋಟಿ ವರ್ಷ, ಭೂಮಿಯ ವಯಸ್ಸಿನ ಮೂರು ಪಟ್ಟು! ಅಷ್ಟು ನಿಧಾನವಾಗಿ ಕ್ಷಯಿಸುವುದರಿಂದಲೇ ಅದರ ವಿಕಿರಣ ದುರ್ಬಲ. ಅದು ಹೊಮ್ಮಿಸುವ ಆಲ್ಫಾ ಕಣಗಳನ್ನು ಚರ್ಮದ ಹೊರಪದರವೇ ತಡೆಯುತ್ತದೆ. ಆದರೆ ಕ್ಷಯಿಸುತ್ತಾ ಹುಟ್ಟುವ ಬೇರೆ ಧಾತುಗಳಿಂದ ಚರ್ಮವನ್ನು ತೂರಿಹೋಗುವ ಗ್ಯಾಮಾ ಕಿರಣವೂ ಬರುತ್ತದೆ, ಧೂಳು ಶ್ವಾಸಕೋಶಕ್ಕೆ ಹೋಗುವುದಂತೂ ಒಳ್ಳೆಯದಲ್ಲ.

ನಮ್ಮ ಹಿರಿಯರು ಇದರ ಬೆಳಕಿನಲ್ಲೇ ಯಕ್ಷಗಾನ ನೋಡಿದವರು. ಬಯಲಾಟದ ಪೆಟ್ರೋಮ್ಯಾಕ್ಸ್‌ನ ಮ್ಯಾಂಟಲ್ (ಬತ್ತಿಯಂತೆ ಬೆಳಗುವ ಬಲೆಚೀಲ) ಅಷ್ಟು ಬೆಳ್ಳಗೆ ಉರಿಯುತ್ತಿದ್ದುದು ಥೋರಿಯಂ ಆಕ್ಸೈಡ್‌ನಿಂದ. 3,300 ಡಿಗ್ರಿ ಸೆಲ್ಸಿಯಸ್‌ವರೆಗೂ ಅದು ಕರಗುವುದಿಲ್ಲ.

ತೀರದಲ್ಲಿ ಮಗ ಧಾರಾಳವಾಗಿ ಆಡಲಿ. ಬಾಟಲಿಯ ಮರಳನ್ನು ಮಾತ್ರ ಮುಂದಿನ ಸಲ ಹೋದಾಗ ಅಲ್ಲೇ ಸುರಿದು ಬನ್ನಿ.