ಸಿಗ್ನಲ್ಸ್ ಅಂಡ್ ಸಿಸ್ಟಮ್ಸ್‌ನ ಇಷ್ಟೊಂದು ಫಂಕ್ಷನ್‌ಗಳನ್ನು ಪರೀಕ್ಷೆಗೆ ಬಾಯಿಪಾಠ ಮಾಡುವುದು ಹೇಗೆ?

ಬಾಯಿಪಾಠ ಮಾಡಬೇಡಿ. ಬಾಗಲಕೋಟೆಯಲ್ಲಿ ಇ ಅಂಡ್ ಸಿ (ಎಲೆಕ್ಟ್ರಾನಿಕ್ಸ್ ಅಂಡ್ ಕಮ್ಯುನಿಕೇಷನ್) ಓದುತ್ತಿದ್ದೀರಿ. ಸ್ಟೆಪ್, ರ‍್ಯಾಂಪ್, ಸಿಗ್ನಮ್, ರೆಕ್ಟ್, ಸಿಂಕ್ ಎಂದು ಪಟ್ಟಿ ಮಾಡಿ ಓದಿದರೂ ಸೂತ್ರಗಳು ಒಂದರೊಳಗೊಂದು ಕಲಸಿಹೋಗುತ್ತಿವೆ ಅಂತ ಕೇಳಿದ್ದೀರಿ. ಬೆಳಗಾವಿಯಲ್ಲಿ ಓದುವಾಗ ನಾನೂ ಇದೇ ಪಟ್ಟಿ ಹಿಡಿದು ಕೂತವನು. ಪಟ್ಟಿ ಪೂರ್ತಿ ಬಾಯಿಗೆ ಬರುತ್ತಿತ್ತು, ಆದರೂ ಪೇಪರ್ ಬ್ಯಾಕ್ ಉಳಿಯಿತು. ಯಾವ ಫಂಕ್ಷನ್ನೂ ಮರೆತಿರಲಿಲ್ಲ. ಬ್ರಾಕೆಟ್ ಒಳಗೆ ಬರೀ ಟಿ ಇರಬೇಕಾದ ಕಡೆ 2ಟಿ − 3 ಬಂದರೆ ಏನು ಮಾಡಬೇಕು ಎನ್ನುವುದೊಂದೇ ತಪ್ಪಾಗಿ ಕೂತಿತ್ತು. ಅದೊಂದೇ ತಪ್ಪು ನಾಲ್ಕು ಕಡೆ ಹೊಡೆಯುತ್ತದೆ, ಹಾಗಾಗಿ ಅದನ್ನೇ ಬಿಡಿಸಿ ಹೇಳುತ್ತೇನೆ.

ಎಕ್ಸ್(ಟಿ) ಎಂಬ ಪಲ್ಸ್ 0 ರಿಂದ 4 ರವರೆಗೆ ಇದೆ, ಉಳಿದ ಕಡೆ ಸೊನ್ನೆ. ಎಕ್ಸ್(2ಟಿ − 3) ಚಿತ್ರ ಬರೆಯಿರಿ ಎಂದು ಪ್ರಶ್ನೆ. ಬಹಳ ಜನ ಮೊದಲು 2 ನೋಡುತ್ತಾರೆ, ಪಲ್ಸನ್ನು ಅರ್ಧಕ್ಕೆ ಕುಗ್ಗಿಸಿ 0 ರಿಂದ 2 ಮಾಡುತ್ತಾರೆ. ಆಮೇಲೆ 3 ನೋಡಿ ಬಲಕ್ಕೆ 3 ಸರಿಸುತ್ತಾರೆ. ಉತ್ತರ 3 ರಿಂದ 5. ತಪ್ಪು. ನಿಜವಾದ ಉತ್ತರ 1.5 ರಿಂದ 3.5. ಏಕೆ? ಕುಗ್ಗಿಸಿದ ಮೇಲೆ ನಿಮ್ಮ ಕೈಯಲ್ಲಿರುವುದು ಎಕ್ಸ್(2ಟಿ). ಅದನ್ನು 3 ಸರಿಸುವುದೆಂದರೆ ಟಿ ಇದ್ದಲ್ಲಿ ಟಿ − 3 ಹಾಕುವುದು, ಆಗ ಸಿಗುವುದು ಎಕ್ಸ್(2ಟಿ − 6). ಕೇಳಿದ್ದೇ ಬೇರೆ, ಬರೆದದ್ದೇ ಬೇರೆ. ಎರಡು ಉತ್ತರಕ್ಕೂ ಅಗಲ 2, ಆಕಾರವೂ ಒಂದೇ. ಅದಕ್ಕೇ ಈ ತಪ್ಪು ಕಣ್ಣಿಗೆ ಬೀಳುವುದಿಲ್ಲ.

ಸರಿಯಾದ ಕ್ರಮ: ಮೊದಲು ಶಿಫ್ಟ್, ಆಮೇಲೆ ಸ್ಕೇಲ್. ಎಕ್ಸ್(ಟಿ − 3) ಬರೆದರೆ ಪಲ್ಸ್ 3 ರಿಂದ 7 ಕ್ಕೆ ಹೋಗುತ್ತದೆ. ಈಗ ಟಿ ಬದಲಿಗೆ 2ಟಿ ಹಾಕಿ, ಎರಡೂ ಅಂಚನ್ನು 2 ರಿಂದ ಭಾಗಿಸಿ, 1.5 ಮತ್ತು 3.5 ಬಂತು. ಮೊದಲು ಸ್ಕೇಲ್ ಮಾಡಲೇಬೇಕೆಂದರೆ ಸರಿಸುವುದು 3 ಅಲ್ಲ, 3/2. ಅದನ್ನು ನೆನಪಿಡುವ ಗೋಜಿಗೆ ಹೋಗಬೇಡಿ. ಯಾವ ಕ್ರಮದಲ್ಲಿ ಮಾಡಿದ್ದರೂ ಕೊನೆಗೆ ಅಂಚು ತಾಳೆ ನೋಡಿ: 2ಟಿ − 3 = 0 ಆದರೆ ಟಿ ಎಷ್ಟು, 2ಟಿ − 3 = 4 ಆದರೆ ಟಿ ಎಷ್ಟು. ಎರಡು ಸಾಲು ಸಾಕು. ಚಿತ್ರದ ಪಕ್ಕದಲ್ಲೇ ಆ ಎರಡು ಸಾಲನ್ನೂ ಬರೆಯಿರಿ.

ಶಿಫ್ಟ್ ಮೊದಲು ಎಂದು ನಾನು ಹಟ ಹಿಡಿಯುವುದಕ್ಕೆ ಕಾರಣ ಡಿಸ್ಕ್ರೀಟ್ ಸಿಗ್ನಲ್, ಅಂದರೆ ಬಿಡಿ ಬಿಡಿ ಸ್ಯಾಂಪಲ್‌ಗಳ ಸಿಗ್ನಲ್. ಎಕ್ಸ್[ಎನ್] ಬೆಲೆಗಳು ಎನ್ 0 ರಿಂದ 4 ಕ್ಕೆ ಕ್ರಮವಾಗಿ 1, 2, 3, 4, 5 ಎಂದುಕೊಳ್ಳಿ. ಎಕ್ಸ್[2ಎನ್ − 3] ಬೇಕು. ಮೊದಲು 2ಎನ್ ಮಾಡಿದರೆ 1, 3, 5 ಉಳಿದು 2, 4 ಬಿದ್ದುಹೋದವು. ಆದರೆ ಉತ್ತರಕ್ಕೆ ಬೇಕಾದ್ದು ಆ 2 ಮತ್ತು 4 ಮಾತ್ರ, ಎನ್ = 2 ಮತ್ತು 3 ರಲ್ಲಿ. ಬಿದ್ದ ಸ್ಯಾಂಪಲ್ ಮತ್ತೆ ಬರುವುದಿಲ್ಲ, ಒಂದೂವರೆ ಸ್ಯಾಂಪಲ್ ಸರಿಸುವುದಕ್ಕೂ ಆಗುವುದಿಲ್ಲ. ಕಂಟಿನ್ಯುಯಸ್‌ನಲ್ಲಿ ಬೇರೆ ಕ್ರಮ ಹೇಗೋ ನಡೆಯುತ್ತದೆ, ಇಲ್ಲಿ ದಾರಿಯೇ ಮುಚ್ಚಿದೆ.

ಇದೇ ತಪ್ಪು ಇಂಪಲ್ಸ್‌ನಲ್ಲಿ (ಡೆಲ್ಟಾ ಎಂಬ ಒಂದೇ ಕ್ಷಣದ ಹೊಡೆತದಲ್ಲಿ) ಬೇರೆ ವೇಷದಲ್ಲಿ ಬರುತ್ತದೆ. (ಟಿ² + 1) ಗುಣಿಸು ಡೆಲ್ಟಾ(2ಟಿ − 6), ಇಡೀ ಅಕ್ಷದ ಮೇಲೆ ಇಂಟಿಗ್ರೇಟ್ ಮಾಡಿ. 6 ಕಂಡು ಟಿ = 6 ಹಾಕಿದವರಿಗೆ 37 ಬರುತ್ತದೆ. ಬ್ರಾಕೆಟ್ ಸೊನ್ನೆಯಾಗುವುದು ಟಿ = 3 ರಲ್ಲಿ ಎಂದು ಹಿಡಿದವರಿಗೆ 10. ಅದೂ ಪೂರ್ತಿ ಅಲ್ಲ. ಡೆಲ್ಟಾದ ಎತ್ತರಕ್ಕೆ ಅರ್ಥವಿಲ್ಲ, ಏರಿಯಾಕ್ಕೆ ಮಾತ್ರ ಅರ್ಥ. ಟಿಯನ್ನು 2 ರಿಂದ ಗುಣಿಸಿದರೆ ಏರಿಯಾ ಅರ್ಧವಾಗುತ್ತದೆ. ಉತ್ತರ 5. ಡಿಸ್ಕ್ರೀಟ್ ಇಂಪಲ್ಸ್‌ಗೆ ಈ ಅರ್ಧದ ಲೆಕ್ಕವಿಲ್ಲ. ಅದು ನಿಜವಾಗಿಯೂ ಎತ್ತರ 1 ಇರುವ ಒಂದು ಸ್ಯಾಂಪಲ್, ಡೆಲ್ಟಾ[2ಎನ್] ಎಂದರೂ ಡೆಲ್ಟಾ[ಎನ್] ಎಂದರೂ ಒಂದೇ.

ಲಾಪ್ಲಾಸ್ ಟ್ರಾನ್ಸ್‌ಫಾರ್ಮ್‌ನಲ್ಲಿ ಆ ತಪ್ಪು ಟಿ·ಯು(ಟಿ − 2) ರೂಪದಲ್ಲಿ ಕಾಯುತ್ತಿರುತ್ತದೆ. ಯು ಎಂಬ ಸ್ಟೆಪ್ (ಸೊನ್ನೆಯಿಂದ 1 ಕ್ಕೆ ಜಿಗಿಯುವುದು) ಸರಿದಿದೆ, ಟಿ ಸರಿದಿಲ್ಲ. ನೇರವಾಗಿ ಇ^(−2ಎಸ್)/ಎಸ್² ಬರೆದರೆ ಮಾರ್ಕ್ಸ್ ಹೋಯಿತು. ಟಿಯನ್ನು (ಟಿ − 2) + 2 ಎಂದು ಒಡೆಯಿರಿ, ಆಗ ಇ^(−2ಎಸ್) ಗುಣಿಸು (1/ಎಸ್² + 2/ಎಸ್) ಬರುತ್ತದೆ.

ಇನ್ನು ನಿಮ್ಮ ಪಟ್ಟಿ. ಅದರಲ್ಲಿ ನಿಜವಾಗಿ ಇರುವುದು ಮೂರೇ: ಯು(ಟಿ), ಡೆಲ್ಟಾ(ಟಿ), ಇ^(ಎಸ್‌ಟಿ). ಸ್ಟೆಪ್‌ನ ಇಂಟಿಗ್ರಲ್ ರ‍್ಯಾಂಪ್, ಡೆರಿವೇಟಿವ್ ಇಂಪಲ್ಸ್. ಸಿಗ್ನಮ್ ಎಂದರೆ 2ಯು(ಟಿ) − 1. ರೆಕ್ಟ್ ಎಂದರೆ ಯು(ಟಿ + ½) − ಯು(ಟಿ − ½). ಎರಡು ರೆಕ್ಟ್ ಕನ್ವಾಲ್ವ್ ಮಾಡಿದರೆ (ಒಂದನ್ನು ತಿರುಗಿಸಿ ಇನ್ನೊಂದರ ಮೇಲೆ ಸರಿಸುತ್ತ ಗುಣಿಸಿ ಕೂಡಿದರೆ) −1 ರಿಂದ 1 ರವರೆಗಿನ ತ್ರಿಕೋನ. ಸೈನ್, ಕೊಸೈನ್, ಡ್ಯಾಂಪ್ಡ್ ಸೈನ್ ಎಲ್ಲ ಇ^(ಎಸ್‌ಟಿ)ಯಲ್ಲಿ ಎಸ್ ಎಂಬ ಕಾಂಪ್ಲೆಕ್ಸ್ ಸಂಖ್ಯೆ ಎಲ್ಲಿದೆ ಎನ್ನುವುದರ ಮೇಲೆ ನಿಂತಿವೆ.

ಈ ಮೂರರಲ್ಲಿ ಡೆಲ್ಟಾವನ್ನು ಪುಸ್ತಕದಲ್ಲಿ ಎಷ್ಟು ಓದಿದರೂ ಮನಸ್ಸಿಗೆ ಇಳಿಯುವುದಿಲ್ಲ. ನೀವಿರುವುದು ವಿಜಯಪುರದ ಪಕ್ಕದಲ್ಲೇ, ಒಮ್ಮೆ ಗೋಲಗುಮ್ಮಟಕ್ಕೆ ಹೋಗಿ ಬನ್ನಿ. ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಹೋಗಬೇಕು, ಜನ ಸೇರಿದ ಮೇಲೆ ಎಲ್ಲರ ಕೂಗೂ ರೆಕಾರ್ಡ್ ಆಗುತ್ತದೆ. ಮೇಲಿನ ಗ್ಯಾಲರಿಯಲ್ಲಿ ನಿಂತು ಒಂದೇ ಒಂದು ಚಪ್ಪಾಳೆ ತಟ್ಟಿ, ಎಲ್ಲ ಅಡಗುವವರೆಗೆ ರೆಕಾರ್ಡ್ ಮಾಡಿ. ಗುಮ್ಮಟದ ಒಳ ವ್ಯಾಸ ಸುಮಾರು 38 ಮೀಟರ್. ಶಬ್ದ ಎದುರು ಗೋಡೆಗೆ ಹೋಗಿ ಬರುವುದೆಂದರೆ 76 ಮೀಟರ್, ಸೆಕೆಂಡಿಗೆ 340 ಮೀಟರ್ ವೇಗದಲ್ಲಿ ಸುಮಾರು 0.22 ಸೆಕೆಂಡ್. ಚಪ್ಪಾಳೆಯ ಉದ್ದ ಕೆಲವೇ ಮಿಲಿಸೆಕೆಂಡ್. 0.22 ಸೆಕೆಂಡಿನ ಮುಂದೆ ಅದು ಏನೂ ಅಲ್ಲ, ಆದ್ದರಿಂದ ಇಂಪಲ್ಸ್ ಎಂದು ನಡೆಯುತ್ತದೆ. ಇಂಪಲ್ಸ್ ಎಂದರೆ ಅನಂತ ಎತ್ತರವಲ್ಲ, ಸಿಸ್ಟಮ್ ಪ್ರತಿಕ್ರಿಯಿಸುವ ಹೊತ್ತಿಗಿಂತ ಬಹಳ ಚಿಕ್ಕದು ಎಂಬ ಮಾತು ಅಲ್ಲಿ ಕಿವಿಯಲ್ಲೇ ಸಿಗುತ್ತದೆ. ರೆಕಾರ್ಡ್ ಆದದ್ದು ಆ ಗುಮ್ಮಟದ ಹೆಚ್(ಟಿ), ಅಂದರೆ ಇಂಪಲ್ಸ್‌ಗೆ ಅದು ಕೊಟ್ಟ ಪ್ರತಿಕ್ರಿಯೆ.

ಈಗ ರೂಮಿನಲ್ಲಿ ಕೂತು ನಿಮ್ಮ ದನಿ 5 ಸೆಕೆಂಡ್ ರೆಕಾರ್ಡ್ ಮಾಡಿ, ಆಕ್ಟೇವ್ ಎಂಬ ಲೆಕ್ಕದ ಸಾಫ್ಟ್‌ವೇರ್‌ನಲ್ಲಿ ಎರಡನ್ನೂ ಕನ್ವಾಲ್ವ್ ಮಾಡಿ. ಗುಮ್ಮಟದಲ್ಲಿ ನಿಂತು ಮಾತಾಡಿದಂತೆ ಕೇಳುತ್ತದೆ. ಕೆಡುವ ಕಡೆಗಳನ್ನೂ ಹೇಳಿಬಿಡುತ್ತೇನೆ. ಎರಡು ಫೈಲಿನ ಸ್ಯಾಂಪ್ಲಿಂಗ್ ರೇಟ್ ಒಂದೇ ಇರಬೇಕು. ಒಂದು 44100, ಇನ್ನೊಂದು 48000 ಇದ್ದರೆ ಎಕೋ ಬೀಳುವ ಹೊತ್ತು ತಪ್ಪುತ್ತದೆ. ಸ್ಟೀರಿಯೋ ಫೈಲಾದರೆ ಒಂದು ಕಾಲಮ್ ಮಾತ್ರ ತೆಗೆದುಕೊಳ್ಳಿ. ಮೊಬೈಲಿನ ಆಟೋ ಗೇನ್ ಚಿಕ್ಕ ಎಕೋಗಳನ್ನು ಎತ್ತಿ ದೊಡ್ಡದು ಮಾಡುತ್ತದೆ, ಅದನ್ನು ಆಫ್ ಮಾಡಲು ಬರುವ ಆ್ಯಪ್ ಬಳಸಿ. ಮೈಕ್ ಹತ್ತಿರವೇ ಚಪ್ಪಾಳೆ ತಟ್ಟಿದರೆ ತುದಿ ಕ್ಲಿಪ್ ಆಗುತ್ತದೆ. ಕೊನೆಗೆ ಬಂದ ಸಿಗ್ನಲ್ಲನ್ನು ಅದರ ಅತಿ ದೊಡ್ಡ ಬೆಲೆಯಿಂದ ಭಾಗಿಸದೆ ಪ್ಲೇ ಮಾಡಿದರೆ ಬರೀ ಕರಕರ. 48000 ರೇಟಿನಲ್ಲಿ 5 ಸೆಕೆಂಡಿನ ದನಿ 240000 ಸ್ಯಾಂಪಲ್, 8 ಸೆಕೆಂಡಿನ ಗುಮ್ಮಟ 384000, ಉತ್ತರ 623999. ಎಮ್ ಮತ್ತು ಎನ್ ಉದ್ದದವನ್ನು ಕನ್ವಾಲ್ವ್ ಮಾಡಿದರೆ ಉದ್ದ ಎಮ್ + ಎನ್ − 1 ಎನ್ನುವುದು ಇನ್ನು ಯಾವತ್ತೂ ಮರೆಯುವುದಿಲ್ಲ.

ಪೇಪರಿನಲ್ಲಿ ಕನ್ವಲ್ಯೂಷನ್ ಮಾಡುವಾಗಲೂ ಆ ಹಳೆಯ ತಪ್ಪೇ ಕಾಡುತ್ತದೆ. ಹೆಚ್(ಟೌ) ತಿರುಗಿಸಿದ ಮೇಲೆ ಹೆಚ್(−ಟೌ). ಅದನ್ನು ಬಲಕ್ಕೆ ಟಿ ಸರಿಸಲು ಟೌ ಇದ್ದಲ್ಲಿ ಟೌ − ಟಿ ಹಾಕಬೇಕು, ಹೆಚ್(ಟಿ − ಟೌ) ಆಗುತ್ತದೆ. ಹೆಚ್ 0 ರಿಂದ 2 ಇದ್ದರೆ ಈಗ ಟಿ − 2 ರಿಂದ ಟಿ. ಈ ಎರಡು ಅಂಚನ್ನು ಬರೆಯದೆ ಲಿಮಿಟ್ಸ್ ಹಾಕಲು ಕೈಹಾಕಬೇಡಿ. ಉತ್ತರ ತಾಳೆ ನೋಡಲು: ಆರಂಭದ ಬಿಂದುಗಳು ಕೂಡುತ್ತವೆ, ಕೊನೆಯ ಬಿಂದುಗಳು ಕೂಡುತ್ತವೆ, ಏರಿಯಾಗಳು ಗುಣಿಸಲ್ಪಡುತ್ತವೆ.

ಎನರ್ಜಿ, ಪವರ್ ವಿಂಗಡಣೆಗೆ ಹೆಚ್ಚು ಹೊತ್ತು ಬೇಡ. ಇ^(−ಟಿ)ಯು(ಟಿ) ಎನರ್ಜಿ ಸಿಗ್ನಲ್ (ಒಟ್ಟು ಎನರ್ಜಿ ಮಿತಿಯಲ್ಲಿದೆ), ಬೆಲೆ ½. ಸ್ಟೆಪ್ ಪವರ್ ಸಿಗ್ನಲ್ (ಸರಾಸರಿ ಪವರ್ ಮಿತಿಯಲ್ಲಿದೆ), ಅದೂ ½. ರ‍್ಯಾಂಪ್ ಎರಡೂ ಅಲ್ಲ. ಪೀರಿಯಾಡಿಕ್ ಪ್ರಶ್ನೆಯಲ್ಲಿ ಮಾತ್ರ ಜಾಗ್ರತೆ: ಕಾಸ್(ಟಿ) ಪೀರಿಯಾಡಿಕ್, ಕಾಸ್(ಎನ್) ಅಲ್ಲ. ಡಿಸ್ಕ್ರೀಟ್‌ನಲ್ಲಿ ಒಮೆಗಾವನ್ನು (ಎನ್ ಜೊತೆ ಗುಣಿಸಿರುವ ಫ್ರೀಕ್ವೆನ್ಸಿಯನ್ನು) 2ಪೈಯಿಂದ ಭಾಗಿಸಿದಾಗ ಪೂರ್ಣಾಂಕಗಳ ಭಿನ್ನರಾಶಿ ಬರಬೇಕು. ಕಾಸ್(0.3ಪೈ·ಎನ್) ಗೆ 3/20 ಬರುತ್ತದೆ, ಪೀರಿಯಡ್ 20.

ಸಿಂಕ್ ನಿಮ್ಮನ್ನು ಗೊಂದಲಕ್ಕೆ ಹಾಕಿರುವುದು ನಿಮ್ಮ ತಪ್ಪಲ್ಲ. ಕೆಲವು ಪುಸ್ತಕಗಳಲ್ಲಿ ಅದು ಸೈನ್(ಪೈ·ಎಕ್ಸ್)/(ಪೈ·ಎಕ್ಸ್), ಸೊನ್ನೆಗಳು 1, 2, 3 ರಲ್ಲಿ; ಆಕ್ಟೇವ್ ಕೂಡ ಇದನ್ನೇ ಕೊಡುತ್ತದೆ. ಇನ್ನು ಕೆಲವಲ್ಲಿ ಸೈನ್(ಎಕ್ಸ್)/ಎಕ್ಸ್, ಸೊನ್ನೆಗಳು ಪೈ, 2ಪೈಯಲ್ಲಿ. ನಿಮ್ಮ ಸರ್ ಯಾವುದು ಬಳಸುತ್ತಾರೋ ಅದನ್ನೇ ಹಿಡಿಯಿರಿ, ಉತ್ತರದ ಮೊದಲ ಸಾಲಿನಲ್ಲೇ ವ್ಯಾಖ್ಯೆ ಬರೆದು, ಚಿತ್ರದಲ್ಲಿ ಮೊದಲ ಸೊನ್ನೆಯನ್ನು ಗುರುತಿಸಿ.